1987ರ ಪೋರ್ಷೆ 911 ಕರೇರಾ: ಏಸಿಯನ್ನು ಆರ್-12ರಿಂದ ಆರ್-134ಎಗೆ ಬದಲಾಯಿಸುವುದು ಹೇಗೆ?

ಮರುಭೂಮಿಯ ಮೈಸೂರಿಗ, ಫೀನಿಕ್ಸ್

ಎಲ್ಲರಿಗೂ ನಮಸ್ಕಾರ. ನನ್ನಲ್ಲಿ 1987ರ ಪೋರ್ಷೆ 911 ಕರೇರಾ ಇದೆ. 3.2 ಲೀಟರಿನ, ಗಾಳಿಯಿಂದಲೇ ತಣಿಯುವ ಎಂಜಿನ್. ಕೊಂಡು ಎರಡು ವರ್ಷವಾಯಿತು. ಎಂಜಿನ್ಗಾಗಲಿ ಗೇರ್‌ಬಾಕ್ಸಿಗಾಗಲಿ ಯಾವ ತೊಂದರೆಯೂ ಇಲ್ಲ, ಆದರೆ ಏಸಿ ಮಾತ್ರ ನಾನು ಕೊಂಡ ದಿನದಿಂದಲೂ ತಣ್ಣನೆಯ ಗಾಳಿ ಕೊಟ್ಟಿಲ್ಲ. ಗುಂಡಿ ತಿರುಗಿಸಿದರೆ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್‌ನ ಕ್ಲಚ್ ಟಕ್ಕೆಂದು ಹಿಡಿಯುತ್ತದೆ, ಬೆಲ್ಟ್ ತಿರುಗುತ್ತದೆ, ಬ್ಲೋವರ್ ಕೂಡ ಬೀಸುತ್ತದೆ. ಬರುವ ಗಾಳಿ ಮಾತ್ರ ಹೊರಗಿನದಕ್ಕಿಂತ ಐದಾರು ಡಿಗ್ರಿ ಕಡಿಮೆ, ಅಷ್ಟೆ. ಇಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ ಗಾಡಿ ತಿಂಗಳುಗಟ್ಟಲೆ ಗ್ಯಾರೇಜಿನಲ್ಲೇ ಮುಸುಕು ಹೊದ್ದು ನಿಲ್ಲುತ್ತದೆ.

ಈ ಕಾರಿನ ಏಸಿಗೆ ಕಾರ್ಖಾನೆಯಲ್ಲಿ ತುಂಬಿದ್ದು ಆರ್-12 ಎಂಬ ತಣಿಸುವ ಗ್ಯಾಸ್; ಅದರ ಜಾಗಕ್ಕೆ ಆಮೇಲೆ ಬಂದದ್ದು ಆರ್-134ಎ. ಊರಿನ ಒಂದು ವರ್ಕ್‌ಶಾಪಿನಲ್ಲಿ ವಿಚಾರಿಸಿದಾಗ, ಗ್ಯಾಸ್ ತುಂಬುವ ಬಾಯಿಗೆ ಅಡಾಪ್ಟರ್ ಕೂರಿಸಿ ಆರ್-134ಎ ತುಂಬಿದರೆ ಸಾಕು, ಒಂದು ಗಂಟೆಯ ಕೆಲಸ ಎಂದರು. ಇನ್ನೊಂದು ಕಡೆ, ಈ ಕಾರಿಗೆ ಆರ್-12 ಬಿಟ್ಟು ಬೇರೇನೂ ಒಗ್ಗುವುದಿಲ್ಲ, ಆ ಯೋಚನೆಯನ್ನೇ ಬಿಡಿ ಎಂದರು. ಇಬ್ಬರಲ್ಲಿ ಯಾರ ಮಾತು ಸರಿ? ಕೈಯಿಂದ ಕೆಲಸ ಮಾಡುವ ಅಭ್ಯಾಸ ನನಗಿದೆ. ಆದರೆ ಏಸಿಯ ವಿಚಾರದಲ್ಲಿ ಹೊಸಬ.

ಶೀತಯಂತ್ರ, ಹ್ಯೂಸ್ಟನ್

ನಮಸ್ಕಾರ ಸರ್. ಕಟ್ಟಡಗಳ ಶೀತಲೀಕರಣ ನನ್ನ ವೃತ್ತಿ, ಹಳೆಯ ಕಾರುಗಳ ಏಸಿ ನನ್ನ ಆಸಕ್ತಿ. ನನ್ನ ಪ್ರಕಾರ ಇಬ್ಬರೂ ಅರ್ಧ ಸತ್ಯವನ್ನೇ ಹೇಳಿದ್ದಾರೆ. ಆರ್-134ಎ ನಿಮ್ಮ ಕಾರಿಗೆ ಖಂಡಿತ ಒಗ್ಗುತ್ತದೆ, ಆದರೆ ಅದು ಒಂದು ಗಂಟೆಯ ಕೆಲಸವಲ್ಲ.

ಗ್ಯಾಸಿನ ಗುಣದಿಂದಲೇ ಶುರು ಮಾಡೋಣ. ಕಾರಿನೊಳಗೆ ಬರುವ ಗಾಳಿಯನ್ನು ತಣಿಸುವ ಎವಾಪರೇಟರ್ ಕೆಲಸ ಮಾಡುವ ತಂಪಿನಲ್ಲಿ, ಅಂದರೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಎರಡೂ ಗ್ಯಾಸ್‌ಗಳ ಒತ್ತಡದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಆರ್-12ರದು ಸುಮಾರು 3.1 ಬಾರ್, ಆರ್-134ಎಯದು ಸುಮಾರು 2.9 ಬಾರ್. ಹದಿನೇಳು ಹದಿನೆಂಟು ಡಿಗ್ರಿ ದಾಟಿದ ಮೇಲೆ ಲೆಕ್ಕ ತಿರುಗುತ್ತದೆ. 60 ಡಿಗ್ರಿಯಲ್ಲಿ ಆರ್-12 ಸುಮಾರು 15.2 ಬಾರ್ ಒತ್ತಡದಲ್ಲಿದ್ದರೆ ಆರ್-134ಎ 16.8ರ ಹತ್ತಿರ ಇರುತ್ತದೆ. ತಂಪಿನ ಕಡೆ ಎರಡಕ್ಕೂ ಅಂಥ ಭೇದವಿಲ್ಲ, ಬಿಸಿಯ ಕಡೆ ಹೊಸ ಗ್ಯಾಸ್ ಶೇಕಡಾ ಹತ್ತರಷ್ಟು ಹೆಚ್ಚು ಒತ್ತಡ ಕೇಳುತ್ತದೆ ಎಂದಾಯಿತು. ಗ್ಯಾಸಿನ ಬಿಸಿಯನ್ನು ಹೊರಗಿನ ಗಾಳಿಗೆ ಬಿಡುವ ಕಂಡೆನ್ಸರ್ ದೊಡ್ಡದಾಗಿದ್ದು ಅದರ ಮೇಲೆ ಚೆನ್ನಾಗಿ ಗಾಳಿ ಹಾಯುವ ಕಾರುಗಳಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. 911 ಆ ಜಾತಿಯ ಕಾರಲ್ಲ.

ನಿಮ್ಮ ಕಾರಿನ ಒಂದು ಕಂಡೆನ್ಸರ್ ಹಿಂಭಾಗದ ಎಂಜಿನ್ ಮುಚ್ಚಳದ ಜಾಲರಿಯ ಕೆಳಗಿದೆ, ಇನ್ನೊಂದು ಮೂತಿಯ ತಳದಲ್ಲಿ ಪುಟ್ಟ ಫ್ಯಾನಿನೊಂದಿಗಿದೆ. ಮುಚ್ಚಳದಲ್ಲಿರುವುದಕ್ಕೆ ಸ್ವಂತ ಫ್ಯಾನ್ ಇಲ್ಲ. ಎಂಜಿನ್ ತನ್ನನ್ನು ತಣಿಸಿಕೊಳ್ಳಲು ಎಳೆದುಕೊಳ್ಳುವ ಗಾಳಿಯೇ ಅದಕ್ಕೆ ಆಧಾರ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಿಧಾನವಾಗಿ ತಿರುಗುತ್ತದೆ, ಗಾಳಿ ಇಳಿಯುತ್ತದೆ, ಕೆಳಗಿನಿಂದ ಎಂಜಿನ್ನಿನ ಝಳ ಮೇಲೇರುತ್ತದೆ. ತಂಪು ತೀರಾ ಬೇಕಾದ ಹೊತ್ತಿಗೇ ಆ ಕಂಡೆನ್ಸರ್ ಕೈಕೊಡುತ್ತದೆ. ಆದ್ದರಿಂದ ಈ ಕಾರಿನಲ್ಲಿ ನಿಜವಾದ ಪ್ರಶ್ನೆ ಯಾವ ಗ್ಯಾಸ್ ಎಂಬುದಲ್ಲ, ಆ ಗ್ಯಾಸ್ ಹೊತ್ತು ತಂದ ಬಿಸಿಯನ್ನು ಎಲ್ಲಿ ಇಳಿಸುತ್ತೀರಿ ಎಂಬುದು.

ಇದಕ್ಕೆಲ್ಲ ಮೊದಲು ಆಗಬೇಕಾದ ಕೆಲಸ ಒಂದಿದೆ. ಪೈಪಿನೊಳಗೆ ಈಗ ಏನಿದೆ ಎಂದು ಗ್ಯಾಸ್ ಗುರುತಿಸುವ ಯಂತ್ರ ಇರುವ ಕಡೆ ಪರೀಕ್ಷೆ ಮಾಡಿಸಿ. ಮೂವತ್ತೈದು ವರ್ಷ ದಾಟಿದ ಕಾರಿನಲ್ಲಿ ಆರ್-12 ಮಾತ್ರ ಇದೆ ಎಂದು ನಂಬಿಕೊಂಡು ಮುಂದುವರಿಯಬೇಡಿ.

ಎರಡನೇ ಗೇರು, ಸ್ಯಾನ್ ಹೋಸೆ

ನಾನು ಎರಡನೆಯ ವರ್ಕ್‌ಶಾಪಿನವರ ಪಕ್ಷ. ನನ್ನ 1986ರ ಕರೇರಾದಲ್ಲಿ ಇಂದಿಗೂ ಆರ್-12 ಇದೆ, ಚೆನ್ನಾಗಿಯೇ ತಣಿಸುತ್ತದೆ. ಅಮೆರಿಕದಲ್ಲಿ ಅದರ ಉತ್ಪಾದನೆ ಮತ್ತು ಆಮದು 1995ರ ಕೊನೆಗೆ ನಿಂತಿತು ಎಂಬುದು ನಿಜ. ಆದರೆ ಬಳಸುವುದಕ್ಕೆ ನಿಷೇಧವಿಲ್ಲ. ಹಳೆಯ ದಾಸ್ತಾನೂ ಹಳೆಯ ಯಂತ್ರಗಳಿಂದ ಹಿಂಪಡೆದು ಶುದ್ಧೀಕರಿಸಿದ ಗ್ಯಾಸೂ ಈಗಲೂ ಸಿಗುತ್ತವೆ. ವಾಹನ ಏಸಿ ಕೆಲಸಕ್ಕೆ ಬೇಕಾದ ಅಮೆರಿಕದ ಶುದ್ಧ ಗಾಳಿ ಕಾಯ್ದೆಯ 609ನೇ ಸೆಕ್ಷನ್‌ನ ಪ್ರಮಾಣಪತ್ರವನ್ನು ಆನ್‌ಲೈನ್‌ನಲ್ಲಿ, ಪುಸ್ತಕ ನೋಡಿಕೊಂಡೇ ಪರೀಕ್ಷೆ ಬರೆದು ಪಡೆಯಬಹುದು. ನಾನೂ ಹಾಗೆಯೇ ಪಡೆದೆ.

ಕಾರ್ಖಾನೆಯವರು ಕಂಡೆನ್ಸರ್, ವಾಲ್ವ್, ಹೋಸ್ ಎಲ್ಲವನ್ನೂ ಅಳೆದದ್ದು ಆ ಗ್ಯಾಸಿಗಾಗಿ. ಸೋರುವ ಜಾಗಗಳನ್ನು ಸರಿಪಡಿಸಿ ಅದನ್ನೇ ತುಂಬಿದರೆ ಬೇರೇನನ್ನೂ ಮುಟ್ಟಬೇಕಾಗಿಲ್ಲ. ಸ್ವಂತಿಕೆ ಕೆಡದ ಕಾರಿಗೆ ಮುಂದೆ ಬೆಲೆಯೂ ಹೆಚ್ಚು.

ಶೀತಯಂತ್ರ, ಹ್ಯೂಸ್ಟನ್

ಎರಡನೇ ಗೇರು ಅವರ ಮಾತನ್ನು ನಾನು ಗೌರವಿಸುತ್ತೇನೆ. ಸೋರಿಕೆ ಇಲ್ಲದ, ಬಿಗಿಯಾದ ವ್ಯವಸ್ಥೆ ಇರುವವರು ಆರ್-12ರಲ್ಲೇ ಉಳಿಯುವುದು ಸರಿಯೇ. ನನ್ನ ಆಕ್ಷೇಪ ಇಷ್ಟೇ: ಈ ಕಾರಿನಲ್ಲಿ ಹೋಸ್‌ಗಳು ಹಿಂದಿನ ಎಂಜಿನ್ನಿನಿಂದ ಮುಂದಿನ ಎವಾಪರೇಟರ್‌ವರೆಗೆ ಬಾಗಿಲಿನ ಕೆಳಗಿನ ಅಂಚು ಹಿಡಿದು ಸಾಗಿ, ಮತ್ತೆ ಹಿಂದಕ್ಕೆ ಬರಬೇಕು. ಇಷ್ಟು ಉದ್ದದ ಹಳೆಯ ರಬ್ಬರ್ ಎಲ್ಲೂ ತೂತಾಗದಿದ್ದರೂ ಮೈಯೆಲ್ಲ ಬೆವರಿದಂತೆ ಗ್ಯಾಸ್ ಬಿಡುತ್ತದೆ. ಹಾಗೆ ಹೊರಬಂದ ಆರ್-12 ಓಝೋನ್ ಪದರಕ್ಕೆ ಮಾಡುವ ಹಾನಿ ನಮಗೆಲ್ಲ ಗೊತ್ತು. ಮೈಸೂರಿಗರ ಕಾರು 1987ರದು; ಓಝೋನ್ ಪದರ ಉಳಿಸಲು ಇಂಥ ಗ್ಯಾಸ್ ಕೈಬಿಡಿಸುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಅದೇ ವರ್ಷದ ಸೆಪ್ಟೆಂಬರ್ 16ರಂದು. ಹೋಸ್‌ಗಳನ್ನು ಹೇಗೂ ಬದಲಾಯಿಸಲೇಬೇಕಾದವರಿಗೆ ಗ್ಯಾಸನ್ನೂ ಬದಲಾಯಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ ಎಂಬುದು ನನ್ನ ಅಭಿಪ್ರಾಯ.

ಮರುಭೂಮಿಯ ಮೈಸೂರಿಗ, ಫೀನಿಕ್ಸ್

ಪರೀಕ್ಷೆ ಮಾಡಿಸಿದೆ. ತಾವು ಹೇಳಿದ್ದು ಒಳ್ಳೆಯದೇ ಆಯಿತು. ಒಳಗಿರುವುದು ಆರ್-12 ಮತ್ತು ಆರ್-134ಎ ಎರಡರ ಮಿಶ್ರಣ. ಹಿಂದಿನ ಯಾರೋ ಹಳೆಯ ಗ್ಯಾಸನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಸುರಿದಿದ್ದಾರೆ. ಗ್ಯಾಸ್ ಬದಲಾಯಿಸಿದ್ದನ್ನು ತಿಳಿಸುವ ಚೀಟಿ ಎಲ್ಲಿಯೂ ಇಲ್ಲ, ತುಂಬುವ ಬಾಯಿ ಹಳೆಯ ತಿರುಪಿನದೇ. ಪರೀಕ್ಷಿಸಿದವರು ಈ ಮಿಶ್ರಣವನ್ನು ತಮ್ಮ ಮಾಮೂಲಿ ಯಂತ್ರಕ್ಕೆ ಎಳೆದುಕೊಂಡರೆ ಅದರಲ್ಲಿರುವ ಒಳ್ಳೆಯ ಗ್ಯಾಸೆಲ್ಲ ಕೆಡುತ್ತದೆ ಎಂದು ಹೇಳಿ, ಪ್ರತ್ಯೇಕ ಸಿಲಿಂಡರಿಗೆ ಹಿಂಪಡೆದುಕೊಂಡರು. ಅದಕ್ಕೆ ಬೇರೆಯೇ ಶುಲ್ಕ ಕೊಡಬೇಕಾಯಿತು. ಗಾಳಿಗೆ ಬಿಡುವುದು ಕಾನೂನುಬಾಹಿರ, ನನ್ನ ಮನಸ್ಸಿಗೂ ಒಪ್ಪುವುದಿಲ್ಲ.

ಈಗ ಪೈಪುಗಳು ಖಾಲಿ. ಹೋಸ್ ಬದಲಾಯಿಸಿ ಆರ್-134ಎ ಹಾಕುವುದೆಂದು ನಿರ್ಧರಿಸಿದ್ದೇನೆ. ಮುಂದೇನು?

ಕೆಂಪು ಟಾರ್ಗಾ, ಆಸ್ಟಿನ್

ನಮಸ್ಕಾರ. ನನ್ನ 1985ರ ಟಾರ್ಗಾದಲ್ಲಿ (ಛಾವಣಿ ತೆಗೆಯಬಹುದಾದ 911) ನಾನೂ ನನ್ನ ಯಜಮಾನರೂ ಸೇರಿ ಇದೇ ಕೆಲಸವನ್ನು ಮಾಡಿ ನಾಲ್ಕು ಬೇಸಿಗೆ ಕಳೆದಿದ್ದೇವೆ. ನಮ್ಮ ಅನುಭವ ಹೇಳುತ್ತೇನೆ.

ಹಳೆಯ ಹೋಸನ್ನು ಬಿಚ್ಚಿದ ಮೇಲೆ ಎಸೆಯುವ ಮೊದಲು ಒಂದು ಗೇಣಷ್ಟು ಕತ್ತರಿಸಿ ಉದ್ದಕ್ಕೆ ಸೀಳಿ ನೋಡಿ. ನಮ್ಮದರ ಒಳಗೋಡೆ ಒಣಗಿದ ಕೆರೆಯ ತಳದಂತೆ ಸಣ್ಣ ಸಣ್ಣ ಬಿರುಕು ಬಿಟ್ಟಿತ್ತು. ಉಗುರಿನಿಂದ ಕೆರೆದರೆ ಕಾಡಿಗೆಯಂಥ ಕಪ್ಪು ಎಣ್ಣೆಯೂ ರಬ್ಬರಿನ ಹುಡಿಯೂ ಬೆರಳಿಗೆ ಹತ್ತಿತು. ಜೋಡಣೆ ಸೋರದಂತೆ ತಡೆಯುವ ರಬ್ಬರ್ ಬಳೆಗಳು, ಅಂದರೆ ಓ-ರಿಂಗ್‌ಗಳು ದುಂಡಗಿನ ಅಡ್ಡಕೊಯ್ತ ಕಳೆದುಕೊಂಡು ನಾಲ್ಕು ಮೂಲೆಯ ಪಟ್ಟಿಯಂತೆ ಚಪ್ಪಟೆಯಾಗಿದ್ದವು, ಬಗ್ಗಿಸಿದರೆ ಲಟ್ಟನೆ ಮುರಿಯುತ್ತಿದ್ದವು. ಅವುಗಳನ್ನು ನೋಡಿದ ಮೇಲೆ, ಬರೀ ಅಡಾಪ್ಟರ್ ಕೂರಿಸಿ ಗ್ಯಾಸ್ ತುಂಬಿದವರ ಕಾರುಗಳು ಒಂದೇ ಬೇಸಿಗೆಗೆ ಖಾಲಿಯಾಗುವುದೇಕೆ ಎಂದು ನನಗೆ ಅರ್ಥವಾಯಿತು.

ಹೊಸ ಹೋಸ್ ಒಳಗೆ ನೈಲಾನ್ ಪದರವಿರುವ ಬ್ಯಾರಿಯರ್ ಜಾತಿಯದೇ ಆಗಿರಲಿ. ಆರ್-134ಎ ಕಣ ಚಿಕ್ಕದು, ಮಾಮೂಲಿ ರಬ್ಬರಿನಲ್ಲಿ ಹೆಚ್ಚು ಸುಲಭವಾಗಿ ನುಸುಳುತ್ತದೆ. ಓ-ರಿಂಗ್‌ಗಳನ್ನು ಒಂದನ್ನೂ ಬಿಡದೆ ಎಚ್‌ಎನ್‌ಬಿಆರ್ ರಬ್ಬರಿನವಕ್ಕೆ ಬದಲಾಯಿಸಿ, ಕೂರಿಸುವಾಗ ಎಣ್ಣೆ ಸವರಿ. ಡ್ರೈಯರ್ ಹೊಸದೇ ಆಗಬೇಕು. ಹಳೆಯದರೊಳಗೆ ತೇವ ಹೀರುವ ಹರಳುಗಳು ಆರ್-12ಕ್ಕೆಂದು ಮಾಡಿದವು, ಹೊಸ ಗ್ಯಾಸಿನಲ್ಲಿ ಪುಡಿಯಾಗಿ, ಎವಾಪರೇಟರ್‌ಗೆ ಗ್ಯಾಸನ್ನು ಸ್ವಲ್ಪಸ್ವಲ್ಪವೇ ಬಿಡುವ ಎಕ್ಸ್‌ಪಾನ್ಶನ್ ವಾಲ್ವಿನ ಕಿರಿದಾದ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಅದನ್ನು ತಲುಪಲು ಮುಂದಿನ ಎಡಚಕ್ರ ಬಿಚ್ಚಬೇಕು. ಹೊಸ ಡ್ರೈಯರ್‌ನ ಮುಚ್ಚಳವನ್ನು ಎಲ್ಲಕ್ಕಿಂತ ಕೊನೆಗೆ, ಪೈಪುಗಳೊಳಗಿನ ಗಾಳಿಯನ್ನು ಹೊರಗೆಳೆಯುವ ವ್ಯಾಕ್ಯೂಮ್ ಪಂಪ್ ಪಕ್ಕದಲ್ಲಿ ಸಿದ್ಧವಾದ ಮೇಲೆ ತೆಗೆಯಿರಿ. ತೆರೆದಿಟ್ಟ ಡ್ರೈಯರ್ ಗಾಳಿಯ ತೇವವನ್ನೆಲ್ಲ ಕುಡಿದುಬಿಡುತ್ತದೆ.

ಕಂಡೆನ್ಸರ್ ವಿಚಾರದಲ್ಲಿ ಶೀತಯಂತ್ರ ಅವರ ಮಾತು ನೂರಕ್ಕೆ ನೂರು ನಿಜ. ಮೊದಲ ವರ್ಷ ನಾವು ಹಳೆಯ ಕಂಡೆನ್ಸರ್‌ಗಳನ್ನೇ ಇಟ್ಟುಕೊಂಡೆವು. ಹೆದ್ದಾರಿಯಲ್ಲಿ ಹಿತವಾಗಿತ್ತು, ಊರೊಳಗೆ ಕರವಸ್ತ್ರವೇ ಗತಿ. ಎರಡನೆಯ ವರ್ಷ ಹಿಂದಿನ ಎಡಚಕ್ರದ ಗೂಡಿನಲ್ಲಿ, ಸ್ವಂತ ವಿದ್ಯುತ್ ಫ್ಯಾನ್ ಇರುವ ಮತ್ತೊಂದು ಕಂಡೆನ್ಸರ್ ಕೂರಿಸಿದೆವು. ಆಮೇಲೆ ಸಿಗ್ನಲ್‌ನಲ್ಲೂ ಗಾಳಿ ತಂಪಾಗಿಯೇ ಬಂತು.

ಎರಡನೇ ಗೇರು, ಸ್ಯಾನ್ ಹೋಸೆ

ಮಿಶ್ರಣ ಇತ್ತೆಂದ ಮೇಲೆ ನನ್ನ ಸಲಹೆ ಇವರಿಗೆ ಅನ್ವಯಿಸದು ಎಂದು ಒಪ್ಪುತ್ತೇನೆ. ಆದರೆ ಕಂಪ್ರೆಸರ್ ಬಗ್ಗೆ ನನಗೆ ಆತಂಕವಿದೆ. ಹಳೆಯ ಖನಿಜ ತೈಲ ಆರ್-134ಎ ಜೊತೆ ಬೆರೆಯುವುದಿಲ್ಲ. ಹಿಂದಿನವರು ಎಣ್ಣೆ ಬದಲಾಯಿಸದೆ ಗ್ಯಾಸ್ ಸುರಿದಿದ್ದರೆ ಇಷ್ಟು ದಿನ ಅದು ಎಣ್ಣೆಯಿಲ್ಲದೆ ತಿರುಗಿರಬಹುದಲ್ಲವೆ?

ಶೀತಯಂತ್ರ, ಹ್ಯೂಸ್ಟನ್

ಬಹಳ ಮುಖ್ಯವಾದ ಪ್ರಶ್ನೆ. ಈ ವ್ಯವಸ್ಥೆಯಲ್ಲಿ ಕಂಪ್ರೆಸರ್‌ಗೆ ಎಣ್ಣೆ ತಲುಪುವುದೇ ಗ್ಯಾಸಿನ ಜೊತೆ ಸುತ್ತಿಬಂದು. ಗ್ಯಾಸಿನಲ್ಲಿ ಕರಗದ ಎಣ್ಣೆ ಎವಾಪರೇಟರ್‌ನ ತಳದಲ್ಲೋ ಉದ್ದನೆಯ ಹೋಸಿನ ತಗ್ಗಿನಲ್ಲೋ ನಿಂತುಬಿಡುತ್ತದೆ. ಆರ್-12 ಒಂದಷ್ಟಾದರೂ ಉಳಿದಿದ್ದರಿಂದ ಸ್ವಲ್ಪ ಎಣ್ಣೆ ಹರಿದಿರಬಹುದು.

ಕಂಪ್ರೆಸರನ್ನು ಕೆಳಗಿಳಿಸಿ ಎಣ್ಣೆಯನ್ನು ಬಿಳಿ ಬಟ್ಟಲಿಗೆ ಸುರಿದು ನೋಡಿ. ತಿಳಿ ಜೇನಿನ ಬಣ್ಣವಿದ್ದರೆ ನೆಮ್ಮದಿ. ಕಪ್ಪಾಗಿದ್ದು, ಬೆಳಕಿಗೆ ಹಿಡಿದಾಗ ಬೆಳ್ಳಿಯ ಪುಡಿಯಂತೆ ಮಿನುಗಿದರೆ ಒಳಗಿನ ಲೋಹ ಸವೆದಿದೆ ಎಂದರ್ಥ, ಆ ಕಂಪ್ರೆಸರನ್ನು ಮತ್ತೆ ಹಾಕಬೇಡಿ. ನಿಮ್ಮ ಕಾರಿನದು ನಿಪ್ಪಾನ್‌ಡೆನ್ಸೊ ತಯಾರಿಕೆ, ಗಟ್ಟಿ ಯಂತ್ರ; ಹಳೆಯ 911ಗಳ ಯಾರ್ಕ್ ಕಂಪ್ರೆಸರ್‌ಗಿಂತ ಹಗುರ ಮತ್ತು ನಯ.

ಹೊಸ ಎಣ್ಣೆಯಲ್ಲಿ ಪಿಎಜಿ, ಎಸ್ಟರ್ ಎಂದು ಎರಡು ಬಗೆ. ಪಿಎಜಿ ಜಾರುಗುಣದಲ್ಲಿ ಉತ್ತಮ, ಆದರೆ ತೇವವನ್ನು ವೇಗವಾಗಿ ಹೀರುತ್ತದೆ ಮತ್ತು ಆರ್-12 ಬಿಟ್ಟುಹೋದ ಕ್ಲೋರಿನ್ ಶೇಷದೊಂದಿಗೆ ಹೊಂದುವುದಿಲ್ಲ. ಎಸ್ಟರ್ ಆ ಶೇಷವನ್ನೂ ಅಳಿದುಳಿದ ಖನಿಜ ತೈಲವನ್ನೂ ಸಹಿಸಿಕೊಳ್ಳುತ್ತದೆ. ಎಲ್ಲವನ್ನೂ ತೊಳೆದು ಕಂಪ್ರೆಸರ್ ಸಹ ಹೊಸದಾದರೆ ಅದರ ತಯಾರಕರು ಹೇಳುವ ಪಿಎಜಿಯನ್ನೇ ಹಾಕಿ. ಹಳೆಯ ಕಂಪ್ರೆಸರ್ ಉಳಿದರೆ ಎಸ್ಟರ್ ಕ್ಷೇಮ. ತೊಳೆಯುವ ದ್ರಾವಣವನ್ನು ಎವಾಪರೇಟರ್‌ಗೆ ಮತ್ತು ಲೋಹದ ಪೈಪುಗಳಿಗೆ ಮಾತ್ರ ಹಾಯಿಸಿ. ಕಂಪ್ರೆಸರ್, ಡ್ರೈಯರ್, ಎಕ್ಸ್‌ಪಾನ್ಶನ್ ವಾಲ್ವ್ ಈ ಮೂರರೊಳಗೆ ಅದು ಹೋಗಬಾರದು.

ಜೋಡಿಸಿದ ಮೇಲೆ ಒಣ ನೈಟ್ರೋಜನ್ ತುಂಬಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಗೇಜಿನ ಮುಳ್ಳು ಇಳಿದಿದ್ದರೆ ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಹುಡುಕಿ. ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ವ್ಯಾಕ್ಯೂಮ್. ಬಹಳಷ್ಟು ಜನ ಅರ್ಧ ಗಂಟೆ ಪಂಪ್ ಓಡಿಸಿ, ಮುಳ್ಳು ಕೆಳಗೆ ಮುಟ್ಟಿತೆಂದು ನಿಲ್ಲಿಸುತ್ತಾರೆ. ಮಾಮೂಲಿ ಮುಳ್ಳಿನ ಗೇಜಿಗೆ ಆ ಆಳದಲ್ಲಿ ವ್ಯತ್ಯಾಸ ತೋರಿಸುವ ಶಕ್ತಿಯಿಲ್ಲ. ತೀರಾ ಕಡಿಮೆ ಒತ್ತಡವನ್ನೂ ಅಳೆಯುವ ಮೈಕ್ರಾನ್ ಗೇಜ್ ಹಾಕಿ, 500 ಮೈಕ್ರಾನ್‌ಗಿಂತ ಕೆಳಗಿಳಿಸಿ, ವಾಲ್ವ್ ಮುಚ್ಚಿ ಅರ್ಧ ಗಂಟೆ ಕಾಯಿರಿ. ಸ್ವಲ್ಪ ಏರಿ ನಿಂತರೆ ಒಳಗೆ ಇನ್ನೂ ತೇವವಿದೆ, ಪಂಪ್ ಮುಂದುವರಿಸಿ. ನಿಲ್ಲದೆ ಏರುತ್ತಲೇ ಹೋದರೆ ಎಲ್ಲೋ ಸೋರುತ್ತಿದೆ.

ಹೊಸ ಓದುಗ, ಫ್ರೀಮಾಂಟ್

ಇಷ್ಟೆಲ್ಲ ಮಾಡುವಾಗ, ಈಗಿನ ಕಾರುಗಳಲ್ಲಿ ಬರುವ ಆರ್-1234ವೈಎಫ್ ಅನ್ನೇ ಏಕೆ ಹಾಕಬಾರದು? ಹೈಡ್ರೋಕಾರ್ಬನ್ ಗ್ಯಾಸ್ ಇನ್ನೂ ಚೆನ್ನಾಗಿ ತಣಿಸುತ್ತದೆ ಎಂದೂ ಕೇಳಿದ್ದೇನೆ.

ಶೀತಯಂತ್ರ, ಹ್ಯೂಸ್ಟನ್

ಆರ್-1234ವೈಎಫ್‌ಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಪ್ಪಿಗೆ ಕೊಟ್ಟಿರುವುದು ಅದಕ್ಕೆಂದೇ ವಿನ್ಯಾಸಗೊಂಡ ಹೊಸ ವಾಹನಗಳಿಗೆ. ಹಳೆಯ ಆರ್-12 ಕಾರುಗಳ ಬದಲಾವಣೆಗಲ್ಲ. ಹೈಡ್ರೋಕಾರ್ಬನ್ ಮಿಶ್ರಣಗಳು ಬೆಂಕಿ ಹಿಡಿಯುವಂಥವು, ಆರ್-12 ಕಾರುಗಳಿಗೆ ಅವು ಸ್ವೀಕಾರಾರ್ಹವಲ್ಲ ಎಂದೇ ನಿಯಮ ಹೇಳುತ್ತದೆ. 911ರಲ್ಲಿ ಎವಾಪರೇಟರ್ ಇರುವುದು ಮುಂದಿನ ಡಿಕ್ಕಿಯ ಹಿಂಭಾಗದ ಗುಳಿಯಲ್ಲಿ. ಅದು ಸೋರಿದರೆ ಬ್ಲೋವರ್ ಆ ಅನಿಲವನ್ನು ನೇರವಾಗಿ ನಿಮ್ಮ ಮುಖಕ್ಕೇ ತರುತ್ತದೆ, ಪೆಟ್ರೋಲ್ ಟ್ಯಾಂಕೂ ಮುಂಭಾಗದಲ್ಲೇ ಇದೆ. ದಯವಿಟ್ಟು ಆ ದಾರಿ ಬೇಡ.

ಮರುಭೂಮಿಯ ಮೈಸೂರಿಗ, ಫೀನಿಕ್ಸ್

ಹನ್ನೊಂದು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಮೊದಲು ಕೃತಜ್ಞತೆಗಳು. ಕಂಪ್ರೆಸರ್‌ನ ಎಣ್ಣೆ ಕಪ್ಪಾಗಿತ್ತು, ಬಟ್ಟಲಿನ ತಳದಲ್ಲಿ ಬೆಳ್ಳಿಯ ಮಿನುಗೂ ಇತ್ತು. ಎರಡನೇ ಗೇರು ಅವರ ಆತಂಕ ನಿಜವಾಯಿತು. ಹೊಸ ಕಂಪ್ರೆಸರ್, ಹೊಸ ಬ್ಯಾರಿಯರ್ ಹೋಸ್‌ಗಳು, ಡ್ರೈಯರ್, ಎಕ್ಸ್‌ಪಾನ್ಶನ್ ವಾಲ್ವ್ ಹಾಕಿದೆ. ಲೋಹದ ಪುಡಿ ಸಿಕ್ಕಿಕೊಂಡ ಕಂಡೆನ್ಸರ್ ತೊಳೆದರೂ ಶುಚಿಯಾಗುವ ಭರವಸೆ ಇಲ್ಲದ್ದರಿಂದ ಎರಡನ್ನೂ ಬದಲಾಯಿಸಿದೆ. ಕೆಂಪು ಟಾರ್ಗಾ ಅವರಂತೆ ಹಿಂದಿನ ಎಡಚಕ್ರದ ಗೂಡಿನಲ್ಲಿ ಫ್ಯಾನ್ ಇರುವ ಮೂರನೆಯದನ್ನೂ ಕೂರಿಸಿದೆ. ಒತ್ತಡ ಮಿತಿಮೀರಿದರೆ ಕ್ಲಚ್ ಬಿಡಿಸುವ ಸ್ವಿಚ್ ಹಾಕಿ, ಹೊಸ ಗ್ಯಾಸಿನ ಜೋಡಣೆಯ ಬಾಯಿಗಳನ್ನು ಶಾಶ್ವತವಾಗಿ ಬಿಗಿದು, ಆಕಾಶನೀಲಿ ಬಣ್ಣದ ಚೀಟಿಯಲ್ಲಿ ದಿನಾಂಕ, ಗ್ಯಾಸಿನ ಹೆಸರು, ತೂಕ, ಎಣ್ಣೆಯ ಬಗೆ ಬರೆದು ಅಂಟಿಸಿದ್ದೇನೆ. ಮುಂದೆ ಈ ಕಾರನ್ನು ತೆರೆಯುವವರು ನನ್ನಂತೆ ಕತ್ತಲಲ್ಲಿ ತಡಕಾಡುವುದು ಬೇಡ.

ಗ್ಯಾಸ್ ತುಂಬುವಾಗ ಒಂದು ತಪ್ಪು ಮಾಡಿದೆ. ಡ್ರೈಯರ್‌ನ ಗಾಜಿನ ಕಿಂಡಿಯಲ್ಲಿ ಗುಳ್ಳೆಗಳು ಮಾಯವಾಗುವವರೆಗೆ ತುಂಬಬೇಕೆಂದು ತಿಳಿದು ತುಂಬುತ್ತಲೇ ಹೋದೆ. ಗುಳ್ಳೆ ಹೋಗಲಿಲ್ಲ, ಬಿಸಿ ಕಡೆಯ ಗೇಜು 24 ಬಾರ್ ಮುಟ್ಟಿತು, ಒಳಗಿನ ಗಾಳಿ ತಣ್ಣಗಾಗುವ ಬದಲು ಬೆಚ್ಚಗಾಯಿತು. ಕೂಡಲೇ ಎಂಜಿನ್ ನಿಲ್ಲಿಸಿದೆ.

ಶೀತಯಂತ್ರ, ಹ್ಯೂಸ್ಟನ್

ಇದನ್ನು ನಾನು ಮೊದಲೇ ಹೇಳಬೇಕಿತ್ತು, ಕ್ಷಮಿಸಿ. ಆ ಕಿಂಡಿ ಆರ್-12ರ ಕಾಲಕ್ಕೆ ನಂಬುವಂಥದ್ದು. ಆರ್-134ಎಯಲ್ಲಿ ಪ್ರಮಾಣ ಸರಿಯಿದ್ದಾಗಲೂ ಮಬ್ಬು ಮತ್ತು ಗುಳ್ಳೆ ಕಾಣಬಹುದು. ಅದನ್ನು ನೋಡಿಕೊಂಡು ತುಂಬಿದವರೆಲ್ಲ ಹೆಚ್ಚೇ ತುಂಬುತ್ತಾರೆ. ಗ್ಯಾಸನ್ನು ತಕ್ಕಡಿಯ ಮೇಲಿಟ್ಟು ತೂಕದಿಂದಲೇ ತುಂಬಬೇಕು. ಮೂಲ ಭಾಗಗಳೇ ಇದ್ದರೆ ಆರ್-12ರ ತೂಕದ ಶೇಕಡಾ 80ರಿಂದ ಆರಂಭಿಸಬಹುದು. ನಿಮ್ಮಲ್ಲಿ ಕಂಡೆನ್ಸರ್‌ಗಳೂ ಹೋಸ್‌ಗಳೂ ಬದಲಾಗಿರುವುದರಿಂದ ಹಳೆಯ ತೂಕಕ್ಕೆ ಅರ್ಥವಿಲ್ಲ. ಪೂರ್ತಿ ಹಿಂಪಡೆದು, ಮತ್ತೆ ವ್ಯಾಕ್ಯೂಮ್ ಮಾಡಿ, 700 ಗ್ರಾಂ ಹಾಕಿ. ಎಂಜಿನನ್ನು ನಿಮಿಷಕ್ಕೆ 2000 ಸುತ್ತಿನಲ್ಲಿಟ್ಟು, ಮುಂದೆ ದೊಡ್ಡ ಫ್ಯಾನ್ ಇಟ್ಟು, 50 ಗ್ರಾಂನಂತೆ ಏರಿಸುತ್ತಾ ಪ್ರತಿ ಸಲ ಐದು ನಿಮಿಷ ಕಾದು, ಕಾರಿನೊಳಗೆ ಗಾಳಿ ಬರುವ ಡ್ಯಾಶ್‌ಬೋರ್ಡಿನ ನಡುಬಾಯಿಯ ತಾಪ ಬರೆದುಕೊಳ್ಳಿ. ತಾಪ ಇಳಿಯುವುದು ನಿಂತು ಒತ್ತಡ ಮಾತ್ರ ಏರತೊಡಗಿದ ಹಂತದಲ್ಲಿ ಕೈ ಬಿಡಿ.

ಮರುಭೂಮಿಯ ಮೈಸೂರಿಗ, ಫೀನಿಕ್ಸ್

ಹಾಗೆಯೇ ಮಾಡಿದೆ. 900 ಗ್ರಾಂನಲ್ಲಿ ತಾಪ ಸ್ಥಿರವಾಯಿತು. 950ಕ್ಕೆ ಏರಿಸಿದಾಗ ತಂಪು ಹೆಚ್ಚಲಿಲ್ಲ, ಬಿಸಿ ಕಡೆಯ ಒತ್ತಡ ಮಾತ್ರ ಏರಿತು. ಆ ಹೆಚ್ಚುವರಿ 50 ಗ್ರಾಂ ಹಿಂಪಡೆಸಿ 900ಕ್ಕೇ ನಿಲ್ಲಿಸಿದ್ದೇನೆ. ನಿನ್ನೆ ಮಧ್ಯಾಹ್ನ ಹೊರಗೆ 41 ಡಿಗ್ರಿ ಇದ್ದಾಗ ಹೆದ್ದಾರಿಯಲ್ಲಿ ನಡುಬಾಯಿಯ ಗಾಳಿ 9 ಡಿಗ್ರಿ, ಸಿಗ್ನಲ್‌ನಲ್ಲಿ ನಿಂತಾಗ 14. ಆದರೆ ಕಾಲಿನ ಬಳಿ ಬಿಸಿಗಾಳಿ ಬರುವುದು ನಿಂತಿಲ್ಲ.

ಕೆಂಪು ಟಾರ್ಗಾ, ಆಸ್ಟಿನ್

ಅದು ಏಸಿಯದಲ್ಲ, ಹೀಟರಿನದು. ಈ ಕಾರಿನಲ್ಲಿ ಹೀಟರಿಗೆ ಬಿಸಿ ಬರುವುದು ಸೈಲೆನ್ಸರಿಗೆ ಹೋಗುವ ಪೈಪುಗಳ ಸುತ್ತಲಿನ ಕವಚದಿಂದ. ಅದನ್ನು ತಡೆಯುವ ಎರಡು ತಗಡಿನ ಕವಾಟಗಳು ಕಾರಿನ ಕೆಳಗಿವೆ, ಒಂದೊಂದು ಬದಿಗೆ ಒಂದೊಂದು. ತುಕ್ಕು ಹಿಡಿದೋ ಕೇಬಲ್ ಸಡಿಲಾಗಿಯೋ ಅವು ಪೂರ್ತಿ ಮುಚ್ಚಿಕೊಳ್ಳದಿದ್ದರೆ ಏಸಿ ಒಂದು ಕಡೆ ತಣಿಸಿದ್ದನ್ನು ಇವು ಇನ್ನೊಂದು ಕಡೆ ಬಿಸಿಮಾಡುತ್ತವೆ. ಹೀಟರ್ ಸನ್ನೆಯನ್ನು ಪೂರ್ತಿ ಕೆಳಗಿಳಿಸಿ, ಎಂಜಿನ್ ಆರಿದ ಮೇಲೆ ಕಾರನ್ನು ಎತ್ತಿ ನಿಲ್ಲಿಸಿ ನೋಡಿ.

ಮರುಭೂಮಿಯ ಮೈಸೂರಿಗ, ಫೀನಿಕ್ಸ್

ಎಡಗಡೆಯದು ಕಿರುಬೆರಳು ತೂರುವಷ್ಟು ತೆರೆದೇ ಇತ್ತು. ತುಕ್ಕು ಉಜ್ಜಿ, ಕೇಬಲ್ ಬಿಗಿದೆ. ಇಂದು ಬೆಳಿಗ್ಗೆ ಮನೆಯವರನ್ನು ಕೂರಿಸಿಕೊಂಡು ಟೂಸಾನ್‌ಗೆ ಹೋಗಿ ಮಧ್ಯಾಹ್ನದ ಬಿಸಿಲಿನಲ್ಲೇ ಹಿಂತಿರುಗಿದೆ. ದಾರಿಯಲ್ಲಿ ಅವರು ಬ್ಲೋವರನ್ನು ಎರಡು ಹಂತ ಕಡಿಮೆ ಮಾಡಲು ಹೇಳಿದರು.